ಕಳಸಗಿತ್ತಿಯ ಗುಲ್ಮ

ನನ್ನ ತಂಗಿ ಹುಟ್ಟಿನಿಂದ ಬಿಳಿಚಿಕೊಂಡವಳು. ಅಣ್ಣನ ಮದುವೆಯಲ್ಲಿ ಕಳಸ ಹಿಡಿಯಬೇಕಾದವಳು ಅವಳೇ. ಆದರೆ ತಲೆ ಸುತ್ತಿ ಬಿದ್ದರೆ ಅಪಶಕುನ ಎಂದು ಹಿರಿಯರು ಚಿಕ್ಕಪ್ಪನ ಮಗಳ ಕೈಗೆ ಕೊಟ್ಟರು. ಶಕುನವಂತೆ, ಶಕುನ! ಅವತ್ತು ಇವಳು ಎಲೆ ಮುಂದೆ ಕೂತು ಒಂದು ತುತ್ತೂ ತಿನ್ನಲಿಲ್ಲ.

ನಾನು ತುಮಕೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುವವಳು. ಗುಬ್ಬಿಯಲ್ಲಿ ಅವಳ ಗಂಡನ ಕೊಬ್ಬರಿ ಅಂಗಡಿಯಲ್ಲಿ ಕೂತು ಅವಳ ಕಾಯಿಲೆಯನ್ನು ಬಿಡಿಸಿ ಹೇಳಿದ್ದೆ. ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ತೆಳು ಹೊದಿಕೆ ಇರುತ್ತದೆ. ಕಣ ಹಳೆಯದಾದಂತೆ ಅದು ಸವೆಯುತ್ತದೆ. ಹೊಟ್ಟೆಯ ಎಡಗಡೆ ಇರುವ ಗುಲ್ಮ ಎನ್ನುವ ಅಂಗ, ಡಾಕ್ಟರು ಸ್ಪ್ಲೀನ್ ಅನ್ನುವುದು, ರಕ್ತವನ್ನು ಸಣ್ಣ ಸಂದಿಗಳಲ್ಲಿ ಹಾಯಿಸಿ, ಸವೆದದ್ದನ್ನೂ ಬಗ್ಗದ್ದನ್ನೂ ಹಿಡಿದು ಮುರಿಯುತ್ತದೆ. ಅವಳ ಕಣಗಳು ಹೊಸವೇ, ಆದರೆ ಗುಂಡಗೆ ಬಿಗಿದುಕೊಂಡು ಸಂದಿಯಲ್ಲಿ ಸಿಕ್ಕಿಬೀಳುತ್ತಿದ್ದವು. ಅವಳು ಕೊಬ್ಬರಿ ಆರಿಸುತ್ತಲೇ ನಕ್ಕಳು.

"ನಮ್ಮತ್ತೆ ಥರಾನೇ ಕಣಕ್ಕ ಅದು. ಒಳ್ಳೇದ್ನೂ ಎಸೀತಾರೆ."

ಡಾಕ್ಟರು ಲಸಿಕೆ ಹಾಕಿಸಿ ಗುಲ್ಮವನ್ನೇ ತೆಗೆದರು. ಸಕ್ಕರೆಯ ಕವಚ ಹೊದ್ದು ಬರುವ ಬ್ಯಾಕ್ಟೀರಿಯಾಗಳನ್ನು ಹಿಡಿಯುತ್ತಿದ್ದುದೂ ಅದೇ ಗುಲ್ಮ, ಇನ್ನು ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಬರಬೇಕು ಎಂದು ಎಚ್ಚರಿಸಿದರು. ಅವಳು ಮೈಕೈ ತುಂಬಿಕೊಂಡಳು. ಕುಣಿಗಲ್ಲಿನಲ್ಲಿ ತಮ್ಮನ ಮದುವೆ ಗೊತ್ತಾದಾಗ ಅಮ್ಮ ಯಾರನ್ನೂ ಕೇಳದೆ ಅವಳನ್ನು ಕಳಸಗಿತ್ತಿ ಮಾಡಿದಳು.

ಮದುವೆಯ ಬೆಳಗ್ಗೆ ಅವಳ ಕೆನ್ನೆ ಕೆಂಪಗಿತ್ತು. ಬಂದವರು ಮದುಮಗಳನ್ನು ಬಿಟ್ಟು ಅವಳ ಮುಖದ ಕಳೆಯನ್ನೇ ಹೊಗಳಿದರು. ದೃಷ್ಟಿ ತಾಕೀತು ಎಂದು ನಾನೂ ರೇಗಿಸಿದೆ. ಧಾರೆ ಮುಗಿಯುವವರೆಗೆ ಕಳಸ ಕೈ ಬದಲಾಗಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಧಾರೆ ಮುಗಿಯಿತು. ಕಳಸವನ್ನು ಅಕ್ಕಿಯ ತಟ್ಟೆಯ ಮೇಲೆ ಜೋಪಾನವಾಗಿ ಇಳಿಸಿ ನನ್ನ ಹತ್ತಿರ ಬಂದಳು.

"ರಾತ್ರಿಯಿಂದ ಚಳಿಜ್ವರ ಕಣಕ್ಕ. ಈಗ ಹೋಗಣ ನಡಿ."

ಕೈ ಮುಟ್ಟಿದರೆ ಕೆಂಡ. ಕಾರು ತುಮಕೂರು ಮುಟ್ಟುವಷ್ಟರಲ್ಲಿ ಮಾತು ತೊದಲುತ್ತಿತ್ತು. ಮಾರನೆಯ ದಿನ ತೀರಿಕೊಂಡಳು. ಹಾಳು ಪದ್ಧತಿ. ಒಂದು ತಂಬಿಗೆ ನೀರು ಹಿಡಿಯುವ ಆಸೆಗೆ ನನ್ನ ತಂಗಿ ಹೋದಳಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಮ್ಮ ಆ ಬೆಳಗಿನ ಫೋಟೋಗೇ ಕಟ್ಟು ಹಾಕಿಸಿ ಹಾರ ಹಾಕಿದ್ದಾಳೆ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾಳೆ.

"ನೋಡಿ, ಕಡೇಗಾದ್ರೂ ನನ್ ಮಗಳ ಮೈಗೆ ರಕ್ತ ಹತ್ತಿತ್ತು."

ಅದು ಜ್ವರದ ಕೆಂಪು ಎಂದು ನಾನು ಹೇಳಿಲ್ಲ. ಹೇಳುವುದೂ ಇಲ್ಲ.