ಕಚ್ಚುವ ಮರಿಗೆ ಎಂಟು ದಿನ

ನಮ್ಮ ಮನೆಯ ಬೆಕ್ಕಿನ ಮರಿಗೆ ಕಚ್ಚುವುದನ್ನು ಕಲಿಸಿದವರು ನಮ್ಮ ಕಾಕಾ. ಈ ಮಾತನ್ನು ಎಷ್ಟೋ ವರ್ಷ ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಸಿಟ್ಟು ಹೊಸದಾಗಿ ಬಂದಿದೆ. ಆದರೆ ಆ ದಿನಗಳ ದಿನಚರಿ ತೆಗೆದು ನೋಡಿದರೆ ಅದರಲ್ಲಿ ಕಾಕಾನ ಸುದ್ದಿಯೇ ಇಲ್ಲ. "ಇಂದೂ ಕಚ್ಚಿತು. ಈ ಮನೆಯಲ್ಲಿ ಯಾರಿಗೂ ಬುದ್ಧಿ ಇಲ್ಲ" ಎಂಬಂಥ ಎರಡು ಮೂರು ಸಾಲುಗಳಿವೆ, ಅಷ್ಟೆ. ಆ 'ಯಾರಿಗೂ' ಎಂಬುದರಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದೆನೇ? ಸೇರಿಸಿಕೊಂಡಿರಲಿಕ್ಕಿಲ್ಲ.

ಅದು ನಿಜಾಮರ ಕಾಲ. ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ, ಉರ್ದುವಿನಲ್ಲಿ ತರ್ಕಶಾಸ್ತ್ರ ಓದಿದ ಜಂಬ ಹೊತ್ತು, ಬೀದರಿನ ಮನೆಗೆ ಬಂದು ನೌಕರಿಯ ಹುಕುಂ ಕಾಯುತ್ತ ಕೂತಿದ್ದೆ. ತಂದೆ ತೀರಿಹೋಗಿದ್ದರು. ಮನೆ ನಡೆಸುತ್ತಿದ್ದವರು ಅವರ ತಮ್ಮ, ಅಂದರೆ ಕಾಕಾ. ಗಂಜಿನಲ್ಲಿ, ಅಂದರೆ ಊರಿನ ಧಾನ್ಯಪೇಟೆಯಲ್ಲಿ, ಅವರದು ಜೋಳದ ವ್ಯಾಪಾರ. ಮನೆಯ ಹಿಂದಿನ ಕೋಣೆಯಲ್ಲಿ ಚೀಲಗಳು, ಚೀಲಗಳ ಸಂದಿಯಲ್ಲಿ ಇಲಿಗಳು. ಔರಾದ ಕಡೆಯ ಎಕಂಬಾದಿಂದ ಜೋಳ ತರುವ ಬಂಡಿಯಲ್ಲಿ ಕಾಕಾ ಒಂದು ದಿನ ಬುಟ್ಟಿಯೊಳಗೆ ಮರಿಯನ್ನು ಹಾಕಿಕೊಂಡು ಬಂದರು. ತಾಯಿಯನ್ನು ಬಿಟ್ಟಿರುವ ವಯಸ್ಸೇ ಅಲ್ಲ ಅದರದು. ಬಟ್ಟಲಿನ ಹಾಲಿನಲ್ಲಿ ಮೂಗು ಮುಳುಗಿಸಿ ಸೀನುತ್ತಿತ್ತು.

ಮಧ್ಯಾಹ್ನ ಊಟವಾದ ಮೇಲೆ ಕಾಕಾ ಹೊರಸಿನ ಮೇಲೆ ಮಲಗಿ, ಧೋತರದ ಸೆರಗಿನೊಳಗೆ ಬೆರಳಾಡಿಸುವರು. ಮರಿ ಹಾರಿ ಬಂದು ಹಿಡಿಯುವುದು. "ಹುಲಿ ಅದ ನೋಡ, ಹುಲಿ! ಶಾಭಾಸ್!" ಎಂದು ಕಾಕಾ ನಗುವರು. ಹಲ್ಲು ಸ್ವಲ್ಪ ಆಳಕ್ಕೆ ಹೋಯಿತೋ, "ಹರಾಮಖೋರ!" ಎಂದು ತಲೆಯ ಮೇಲೆ ಫಟ್ಟನೆ ಹೊಡೆಯುವರು. ಹೊಡೆಸಿಕೊಂಡ ಮರಿ ಕಿವಿ ಹಿಂದಕ್ಕೊತ್ತಿ ಇನ್ನೂ ಬಲವಾಗಿ ಕಚ್ಚುವುದು. ನನ್ನ ಮೈ ಉರಿಯುತ್ತಿತ್ತು.

"ಕಾಕಾ, ಆಡಿಸೋರೂ ನೀವ, ಹೊಡಿಯೋರೂ ನೀವ. ಅದಕ್ಕ ಹ್ಯಾಂಗ ತಿಳೀಬೇಕ್ರಿ?"

"ನಿನಗ ಹ್ಯಾಂಗ ತಿಳೀತು? ನಾಕ ಏಟ ತಿಂದ ಮ್ಯಾಲೇ ಸಾಲಿಗಿ ಹೋದಿ. ಈಗ ನೋಡ, ಬಿ.ಎ. ಸಾಹೇಬ!"

ಮರಿ ಅವ್ವನ ಹಿಮ್ಮಡಿ ಕಚ್ಚಿತು. ಹಾಲು ಕೊಡಲು ಬಂದವಳ ಕಾಲಿಗೆ ಜೋತುಬಿದ್ದಿತು. ಆಕೆ ಚೊಂಬು ಚೆಲ್ಲಿ, ನಮ್ಮ ಮನೆತನವನ್ನೆಲ್ಲ ಬೈದು ಹೋದಳು. ಅಂದು ಸಂಜೆ ಕಾಕಾ ತೀರ್ಪು ಕೊಟ್ಟರು: ಎಕಂಬಾದ ಬಂಡಿ ತಿರುಗಿ ಹೋಗುವಾಗ ಮರಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ಮಾಂಜರಾ ದಂಡೆಯ ಮೇಲೆ ಬಿಟ್ಟುಬಿಡುವುದು. ಕೈಯಷ್ಟುದ್ದದ ಮರಿ ಹೊಳೆಯ ದಂಡೆಯಲ್ಲಿ ಎಷ್ಟು ಹೊತ್ತು ಬದುಕೀತು?

"ಎಂಟು ದಿನ ಕೊಡ್ರಿ," ಎಂದೆ. "ಕಚ್ಚಬಾರದಂತ ನಾ ಕಲಸ್ತೇನಿ. ಆದರ ನೀವು ಕೈ ಹಚ್ಚಬಾರದು."

"ಎಂಟು ದಿನ. ಒಂಬತ್ತನೇದು ಇಲ್ಲ. ನಾ ಮುಟ್ಟೂದಿಲ್ಲ ತೊಗೋ," ಎಂದರು ಕಾಕಾ.

ನನ್ನ ತರ್ಕ ಸರಳವಾಗಿತ್ತು. ಮರಿಗೆ ಕಚ್ಚಲು ಏನಾದರೂ ಬೇಕೇ ಬೇಕು. ಕೈಯ ಬದಲು ಬೇರೇನಾದರೂ ಕೊಟ್ಟರೆ ಕೈ ಬಿಡುತ್ತದೆ. ತೊಗರಿಕಟ್ಟಿಗೆಯ ತುದಿಗೆ ಒಂದು ದಾರ ಕಟ್ಟಿ ಎಳೆದಾಡಿಸಿದೆ. ಮರಿ ಕೈಗೆ ಬಂದರೆ ಎದ್ದು ಹೋಗುತ್ತಿದ್ದೆ, ದಾರಕ್ಕೆ ಬಂದರೆ ಆಡಿಸುತ್ತಿದ್ದೆ. ಮೂರನೆಯ ದಿನಕ್ಕೆ ಅದು ನನ್ನ ಬೆರಳನ್ನು ಮೂಸಿ ನೋಡಿ, ಬಿಟ್ಟು, ದಾರ ಹುಡುಕತೊಡಗಿತು. ಐದನೆಯ ದಿನ ಅವ್ವ ಅದರ ಮುಂದೆ ಕಾಲು ಚಾಚಿ ಕೂತು ಅಕ್ಕಿ ಆರಿಸಿದಳು. ನನಗೆ ಆಗ ಆದದ್ದು ಸಂತೋಷವಲ್ಲ. ಕಾಕಾನಿಗೆ ಮುಖಭಂಗವಾಯಿತೆಂಬ ಖುಷಿ.

ಆ ದಾರ ಎಲ್ಲಿಯದೆಂದು ಈಗ ಹೇಳಬೇಕು. ಆಯಿ, ಎಂದರೆ ನನ್ನ ತಂದೆಯ ತಾಯಿ, ತನ್ನ ಕೊರಳಿನ ಶಿವದಾರವನ್ನು ಬದಲಿಸಿದ್ದಳು. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಕೊರಳಲ್ಲಿ ಧರಿಸುವ ಬಿಳಿ ನೂಲಿನ ದಾರ ಅದು. ಹಳೆಯದನ್ನು ಎಲ್ಲೆಂದರಲ್ಲಿ ಎಸೆಯುವಂತಿಲ್ಲ, ನೀರಿಗೆ ಬಿಡಬೇಕು. "ಬಾವಿಗಿ ಬಿಟ್ಟು ಬಾರೋ," ಎಂದು ನನ್ನ ಕೈಗೆ ಕೊಟ್ಟಿದ್ದಳು. ಬಾವಿಯವರೆಗೆ ಹೋಗಲು ಬೇಸರವಾಗಿ ಅದನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಕಟ್ಟಿಗೆಗೆ ಕಟ್ಟಲು ದಾರ ಬೇಕಾದಾಗ ಕೈಗೆ ಸಿಕ್ಕಿದ್ದು ಅದೇ. ಮೆತ್ತಗಿನ, ವಿಭೂತಿ ವಾಸನೆಯ ದಾರ. ಮರಿಗೂ ಬಹಳ ಹಿಡಿಸಿತು.

ಏಳನೆಯ ದಿನ ಬೆಳಿಗ್ಗೆ ಆಯಿ ಪಡಸಾಲೆಯಲ್ಲಿ ಪೂಜೆಗೆ ಕೂತಿದ್ದಳು. ಎಡ ಅಂಗೈಯ ಮೇಲೆ ಲಿಂಗ, ಕಣ್ಣು ಅದರ ಮೇಲೆ. ಬಿಚ್ಚಿದ ಹೊಸ ಶಿವದಾರದ ತುದಿ ಕೊರಳಿನಿಂದ ಇಳಿದು ಅಂಗೈಯ ಪಕ್ಕದಲ್ಲಿ ತೂಗಾಡುತ್ತಿತ್ತು. ನಾನು ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದೆ. ಮರಿ ಕಂಬದ ಮರೆಯಿಂದ ಹಾರಿತು. ಆಯಿಯ ಕೈ ಅದುರಿತು. ಲಿಂಗ ಚಾಪೆಯ ಮೇಲೆ ಬಿದ್ದು, ಉರುಳಿ, ನೆಲ ಮುಟ್ಟಿತು.

ಆಯಿ ಕೂಗಲಿಲ್ಲ. ಅಂಗೈಯಲ್ಲಿ ಎರಡು ರಕ್ತದ ಚುಕ್ಕೆ. ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು, "ಭಾಲ್ಕಿಗಿ ಹೇಳಿ ಕಳಸ್ರಿ. ಅಯ್ಯನವರು ಬಂದು ಮತ್ತ ಕೈಯಾಗ ಕೊಡೂತನಕ ನಾ ನೀರ ಮುಟ್ಟೂದಿಲ್ಲ," ಎಂದಳು. ಅಯ್ಯನವರೆಂದರೆ ನಮ್ಮ ಮನೆತನದ ಗುರುಗಳು. ಕುದುರೆಯ ಮೇಲೆ ಆಳು ಹೋದರೂ ಅವರು ಬರುವುದು ಮರುದಿನವೇ. ಆಯಿಗೆ ಎಪ್ಪತ್ತು ದಾಟಿತ್ತು, ಬೇಸಿಗೆ ಬೇರೆ.

ಕಾಕಾನ ಎದುರು ನಿಂತು, ಜೀವಮಾನದಲ್ಲಿ ಎಂದೂ ಕೂಗದಷ್ಟು ಜೋರಾಗಿ ಕೂಗಿದೆ. "ನೀವ ಕಲಿಸೀರಿ ಇದನ್ನ! ಕದ್ದು ಆಡಿಸೀರಿ! ಆಯಿಗೇನಾರ ಆದ್ರ ನಿಮ್ಮ ತಲಿಗೇ!"

ಕಾಕಾ ಹಿಂದೆ ಸರಿದರು. "ಏ, ಏಳು ದಿವಸದಿಂದ ನಾ ಅದನ್ನ ಮುಟ್ಟಿಲ್ಲೋ. ನಿಮ್ಮ ಅವ್ವನ್ನ ಕೇಳು."

"ಸುಳ್ಳ ಹೇಳಬ್ಯಾಡ್ರಿ!"

ಮನೆಯ ಹಿರಿಯನಿಗೆ ಹಾಗೆ ಹೇಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಕಾಕಾ ಗಂಜಿಗೆ ಹೊರಟುಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನು ಪಡಸಾಲೆಗೆ ಬಂದಾಗ ಮರಿ ಆಯಿಯ ಎದುರು ಹೊಟ್ಟೆ ನೆಲಕ್ಕೆ ಹಚ್ಚಿ ಕೂತಿತ್ತು. ಅದರ ಕಣ್ಣು ಇದ್ದದ್ದು ಆಯಿಯ ಕೈಯ ಮೇಲಲ್ಲ, ಕೊರಳಿನ ದಾರದ ಮೇಲೆ. ಏಳು ದಿನ ನಾನು ಕೂತು ಕಲಿಸಿದ ಪಾಠವನ್ನು ಅದು ಒಪ್ಪಿಸುತ್ತಿತ್ತು.

ಆಗ ಏನು ಮಾಡಿದೆ? ಕೂಡಲೆ ಎಲ್ಲರನ್ನೂ ಕರೆದು ತಪ್ಪೊಪ್ಪಿಕೊಂಡೆ ಎಂದು ಬಹಳ ಕಾಲ ನಂಬಿದ್ದೆ. ಹಾಗೆ ಆಗಿರಲು ಸಾಧ್ಯವಿಲ್ಲ. ಮರುದಿನ ಅಯ್ಯನವರು ಬಂದು ಲಿಂಗವನ್ನು ತೊಳೆದು ಆಯಿಯ ಅಂಗೈಗೆ ಕೊಟ್ಟದ್ದು, ಆಯಿ ಎರಡು ತುತ್ತು ಉಂಡದ್ದು, ಆಮೇಲೆ ಕಾಕಾ ಗೋಣಿಚೀಲದ ಬಾಯಿ ಕಟ್ಟಿ ಬಂಡಿಯ ಮೇಲೆ ಇಟ್ಟದ್ದು, ಚೀಲದೊಳಗಿನಿಂದ ಆ ಕೂಗು, ಇವೆಲ್ಲ ಸರಿಯಾಗಿ ನೆನಪಿವೆ. ಎಂದರೆ ಒಂದೂವರೆ ದಿನ ಬಾಯಿ ಮುಚ್ಚಿಕೊಂಡಿದ್ದೆ. ಆಯಿ ನೀರಿಲ್ಲದೆ ತುಟಿ ಒಣಗಿಸಿಕೊಂಡು ಕೂತಿದ್ದಾಗಲೂ ಕಾಕಾನ ಮುಖ ನೋಡಿ ಹಲ್ಲು ಕಡಿಯುತ್ತಿದ್ದೆ. ಅಷ್ಟು ಹೊತ್ತಿಗೆ ಅವರದು ತಪ್ಪಿಲ್ಲವೆಂದು ನನಗೆ ಗೊತ್ತಿತ್ತು. ಸಿಟ್ಟು ಮಾತ್ರ ಇಳಿದಿರಲಿಲ್ಲ. ತಪ್ಪಿಲ್ಲದ್ದಕ್ಕೇ ಅವರ ಮೇಲೆ ಇನ್ನಷ್ಟು ಏರಿತ್ತು.

ಎತ್ತುಗಳು ಹೆಜ್ಜೆ ಎತ್ತಿದಾಗ ಓಡಿ ನೊಗ ಹಿಡಿದೆ. ಪಶ್ಚಾತ್ತಾಪದ ದನಿಯಲ್ಲಿ ಹೇಳಲಿಲ್ಲ, ಜಗಳದ ದನಿಯಲ್ಲೇ ಹೇಳಿದೆ. "ನಂದ ತಪ್ಪು! ಶಿವದಾರ ಬಾವಿಗಿ ಬಿಡಲಿಲ್ಲ, ಅದನ್ನ ಕಟ್ಟಿಗಿಗಿ ಕಟ್ಟಿ ಆಡಿಸೀನಿ. ಇಳಸ್ರಿ ಚೀಲ!"

ಕಾಕಾ ನನ್ನನ್ನೇ ದಿಟ್ಟಿಸಿದರು. "ಸುಳ್ಳ ಹೇಳ್ದಾಂವ ಯಾರು ಹಂಗಾರ?"

ನಾನು ನೊಗ ಬಿಡದೆ ಚೀಲದ ಕಡೆ ಕೈ ತೋರಿಸಿದೆ. ಅವರ ಮಾತಿಗೆ ಉತ್ತರ ಕೊಡಬೇಕಿತ್ತು.

ಆಯಿ ಬಾಗಿಲಿಗೆ ಬಂದಿದ್ದಳು. ಅವಳ ಸಿಟ್ಟನ್ನು ನಾನು ಕಂಡದ್ದು ಅದೊಂದೇ ಸಲ. "ನಿನ್ನ ಕೈಯಾಗ ಕೊಟ್ಟೆ ನೋಡು, ನನಗ ಬುದ್ಧಿ ಇಲ್ಲ. ಇಷ್ಟ ಓದಿ ಹತ್ತ ಹೆಜ್ಜಿ ನಡಿಲಿಕ್ಕಿ ಬರಲಿಲ್ಲ ನಿನಗ?" ಆಮೇಲೆ ಕಾಕಾನಿಗೆ, "ಚೀಲ ಬಿಚ್ಚು. ಮರಿ ಇಲ್ಲೇ ಇರ್ತದ. ಕಲಸಾಂವ ಇಂವನೇ. ಆದ್ರ ನಾ ಹೇಳಿದಂಗ."

ಅವಳು ಹೇಳಿದ್ದು ಇಷ್ಟು. ದಿನಾ ಅವಳ ಪೂಜೆಯ ಹೊತ್ತಿಗೆ ನಾನು ಅವಳಿಗೂ ಮರಿಗೂ ನಡುವೆ ಕೂತು, ಎಡಗೈ ಚಾಚಿ, ಬೆರಳಿಗೆ ನೂಲು ಸುತ್ತಿಕೊಂಡು ಇರಬೇಕು. ಮರಿ ಕಚ್ಚಿದರೆ ಕೈ ಎಳೆದುಕೊಳ್ಳಬಾರದು, ಹೊಡೆಯಬಾರದು, ಬೈಯಬಾರದು. "ಎಳಕೊಂಡ್ರ ಇಲಿ ಓಡಿತಂತ ತಿಳೀತದ. ಹೊಡದ್ರ ಜಗಳ ಅಂತ ತಿಳೀತದ. ಕಲ್ಲಿನಂಗ ಕೂಡು. ಕಲ್ಲಿನ ಸಂಗಾಟ ಯಾರು ಆಡ್ತಾರ?"

ಮೊದಲ ವಾರ ಬೆರಳುಗಳೆಲ್ಲ ಗಾಯ. ಪ್ರತಿ ಕಚ್ಚಿಗೂ ಮೈಯೊಳಗೆ ಏನೋ ಎದ್ದು ಬರುತ್ತಿತ್ತು: ಮರಿಯ ಮೇಲೆ, ಆಯಿಯ ಮೇಲೆ, ಬಾರದ ಹುಕುಂನ ಮೇಲೆ. ಅಲುಗದೆ ಕೂಡುತ್ತಿದ್ದೆ. ಮರಿ ಕಚ್ಚಿ, ಕಾದು, ಏನೂ ಆಗದೆ ಬೇಸತ್ತು ಹೋಗುತ್ತಿತ್ತು. ದಿನ ಕಳೆದಂತೆ ಹಲ್ಲಿನ ಒತ್ತು ಕಡಿಮೆಯಾಯಿತು. ಕಲಿತು ಬಿಟ್ಟಿತೋ, ಬೆಳೆದು ಬಿಟ್ಟಿತೋ, ಖಚಿತವಾಗಿ ಹೇಳಲಾರೆ.

ಒಂದು ಬೆಳಿಗ್ಗೆ ಮರಿ ಬಂದು ನನ್ನ ಬೆರಳನ್ನು ಬಾಯಿಯಲ್ಲಿ ಹಿಡಿಯಿತು. ಹಲ್ಲು ತಾಗಿತು, ಒತ್ತಲಿಲ್ಲ. ಅದೇ ಹೊತ್ತಿಗೆ ಕಾಕಾ ಅಂಗಳದಿಂದ ಹಣಿಕಿ ಹಾಕಿದರು.

"ಏನ್ರೀ ಬಿ.ಎ. ಸಾಹೇಬ್ರ, ಪಾಸ್ ಆಗಿದ್ದು ಯಾರು? ಬೆಕ್ಕೋ, ನೀವೋ?"

ನೆತ್ತಿಗೆ ರಕ್ತ ನುಗ್ಗಿತು. ಪಕ್ಕದಲ್ಲೇ ನೀರಿನ ತಂಬಿಗೆ ಇತ್ತು, ಎತ್ತಿ ಒಗೆಯಬೇಕೆನಿಸಿತು. ಆದರೆ ಬೆರಳು ಮರಿಯ ಬಾಯಿಯಲ್ಲಿತ್ತು, ಬೆನ್ನ ಹಿಂದೆ ಆಯಿಯ ಅಂಗೈಯಲ್ಲಿ ಲಿಂಗವಿತ್ತು. ಕಾಕಾ ನಗುತ್ತಲೇ ನಿಂತಿದ್ದರು. ನಾನು ಕೈ ಅಲುಗಿಸಲಿಲ್ಲ. ಮರಿ ತಾನಾಗಿಯೇ ಬಾಯಿ ಬಿಟ್ಟು, ಇಲಿಗಳ ಕೋಣೆಯ ಕಡೆ ನಡೆಯಿತು.