ಗಂಜಣಿ ಹೊತ್ತಿಕೊಂಡ ಬೆಳಗ್ಗೆ

ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದವಳು ನಾನು. ಗಂಜಣಿ ಹುಲ್ಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ಕಲ್ಲುನೆಲದ ಬಯಲಲ್ಲಿ ಯಾರೂ ಬಿತ್ತದೆ ಆಳೆತ್ತರ ಬೆಳೆಯುತ್ತದೆ. ಮಳೆಗಾಲ ಕಳೆದ ಮೇಲೆ ಕಾಂಡ ಕೆಂಪಗಾಗುತ್ತದೆ. ಬಲಿತರೆ ದನಗಳು ಮೂಸಿ ನೋಡಿ ಮುಂದೆ ಹೋಗುತ್ತವೆ. ಎಲೆಯ ಅಂಚು ಬೆರಳು ಕೊಯ್ಯುತ್ತದೆ; ಹೊಸಕಿದರೆ ನಿಂಬೆ, ಶುಂಠಿ, ಹಿಂದೆಲ್ಲೋ ಒಂದಿಷ್ಟು ಗುಲಾಬಿಯ ಘಮ. ಎಲ್ಲವೂ ಎಲೆಯೊಳಗಿನ ಎಣ್ಣೆಯದು ಎಂದು ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಎಣ್ಣೆ ಉರಿಯುತ್ತದೆ ಎನ್ನುವುದು ಮಾತ್ರ ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಹೋದ ವರ್ಷ ಊರಾಚೆಯ ಬಯಲಿಗೆ ಹೋದಾಗ ಒಂದು ದೊಡ್ಡ ಕಂತೆ ಕೊಯ್ದು ತಂದೆ. ಮಲ್ಲೇಶ್ವರದ ನಮ್ಮ ಹಳೇ ಮನೆಯಲ್ಲಿ ದೇವರ ಗೂಡು ಹಾಲ್‌ನ ಮೂಲೆಯಲ್ಲೇ ಇದೆ. ಸೊಳ್ಳೆ ಬರದಿರಲೆಂದು ಕಂತೆಯನ್ನು ಅದರ ಪಕ್ಕದ ಕಿಟಕಿಗೆ ತೂಗುಹಾಕಿದೆ.

"ಇದೇನೇ, ಹುಲ್ಲು ಕಟ್ಟಿದೀಯ? ಹಸು ಯಾವಾಗ ಬರತ್ತೆ?" ಎಂದು ಅತ್ತೆ ನಕ್ಕರು. ಅವರಿಗೆ ಎಂಬತ್ತನಾಲ್ಕು.

ತಿಂಗಳಾಗಿರಬೇಕು. ಒಂದು ಶುಕ್ರವಾರ ಬೆಳಗ್ಗೆ ಯಜಮಾನರು ವಾಕಿಂಗ್ ಹೋಗಿದ್ದರು. ನಾನು ಅಡುಗೆಮನೆಯಲ್ಲಿ ದೋಸೆ ಹಿಟ್ಟಿಗೆ ಉಪ್ಪು ಕಲಸುತ್ತಿದ್ದೆ. ಅತ್ತೆಯ ಪೂಜೆಯ ಗಂಟೆ ಮೊಳಗಿ ನಿಂತಿತು. ಸ್ವಲ್ಪ ಹೊತ್ತಿಗೆ ಘಮ ಬಂತು. ಕೈಯಲ್ಲಿ ಎಷ್ಟು ಹೊಸಕಿದರೂ ಅಂಥ ಘಮ ಬಂದಿದ್ದಿಲ್ಲ. ಇಡೀ ಬಯಲೇ ಮನೆಯೊಳಗೆ ಬಂದ ಹಾಗಿತ್ತು. ಹಿಟ್ಟಿನ ಪಾತ್ರೆ ಹಿಡಿದುಕೊಂಡೇ ನಿಂತು ಉಸಿರೆಳೆದುಕೊಂಡೆ. ಹಾಲ್‌ನಲ್ಲಿ ಯಾರೋ ಕೂಗಿದ ಹಾಗಾಯಿತು. ಇನ್ನೊಮ್ಮೆ ಉಸಿರೆಳೆದುಕೊಂಡೆ.

ಆಮೇಲೆ ಹೊಗೆ ಕಾಣಿಸಿತು.

ಓಡಿ ಬಂದರೆ ಕಿಟಕಿಯ ಪರದೆ ಸೂರಿನವರೆಗೆ ಉರಿಯುತ್ತಿದೆ. ಅತ್ತೆ ಬರಿಗೈಯಲ್ಲಿ ಕಂತೆಯನ್ನು ಎಳೆಯುತ್ತಿದ್ದಾರೆ. ನನ್ನ ಕೈಯಲ್ಲಿದ್ದದ್ದು ಹಿಟ್ಟಿನ ಪಾತ್ರೆ, ಅದನ್ನೇ ಎರಚಿದೆ. ಅವರನ್ನು ಹಿಂದಕ್ಕೆಳೆದು, ಬಚ್ಚಲಿಂದ ಬಕೆಟ್ ತಂದು ಸುರಿದೆ. ಇನ್ನೊಂದು ಬಕೆಟ್. ಬೆಂಕಿ ಆರಿತು. ಎರಡು ನಿಮಿಷವೂ ಆಗಿರಲಿಲ್ಲ. ಕಂತೆ ಇದ್ದ ಜಾಗದಲ್ಲಿ ಸುಟ್ಟ ದಾರ ಮಾತ್ರ ನೇತಾಡುತ್ತಿತ್ತು.

ಅತ್ತೆಯ ಎಡ ಹುಬ್ಬು ಸುಟ್ಟುಹೋಗಿತ್ತು. ಅಂಗೈ ತುಂಬ ಬೊಬ್ಬೆ. ನಾನು ಒದ್ದೆ ನೆಲದಲ್ಲೇ ಕೂತೆ.

"ಎರಡ್ ಸಲ ಕೂಗ್ದೆನಲ್ಲ, ಒಳಗೇನ್ಮಾಡ್ತಿದ್ದೆ?" ಎಂದರು.

"ಕೇಳಿಸ್ಲಿಲ್ಲ ಅತ್ತೆ."

ಡಾಕ್ಟರ ಹತ್ತಿರವೂ ಅದೇ ಸುಳ್ಳನ್ನು ಹೇಳಿದೆ. ಗಂಡನಿಗೂ ಅದನ್ನೇ ಹೇಳಿದೆ. ಮೂರನೇ ದಿನ ಅತ್ತೆಯ ಕೈಗೆ ಮುಲಾಮು ಹಚ್ಚುವಾಗ, ಬಿಳುಚಿದ ಆ ಚರ್ಮ ನೋಡಿ ತಡೆಯಲಾಗಲಿಲ್ಲ.

"ಕೇಳಿಸಿತ್ತು ಅತ್ತೆ. ವಾಸನೆ ಚೆನ್ನಾಗಿದೆ ಅಂತ ನಿಂತ್ಬಿಟ್ಟಿದ್ದೆ."

ಬೈಯಲಿ ಎಂದು ಕಾದೆ.

"ಆರತಿ ತಟ್ಟೆ ಕಿಟಕಿ ಕಟ್ಟೆ ಮೇಲಿಟ್ಟು ಕಣ್ಮುಚ್ಚಿ ಕೈ ಮುಗೀತಿದ್ದೆ," ಎಂದರು. "ಘಮ್ ಅಂತು. ಇವತ್ತು ದೇವ್ರು ಬಂದ ಅಂದ್ಕೊಂಡೆ ಕಣೇ. ಕಣ್ಣು ಬಿಡೋಕೇ ಮನಸ್ಸಾಗ್ಲಿಲ್ಲ. ಮುಖಕ್ಕೆ ಬಿಸಿ ತಾಗಿದ್ಮೇಲೇ ಬಿಟ್ಟಿದ್ದು."

ಬ್ಯಾಂಡೇಜು ಸುತ್ತುವುದನ್ನು ಮರೆತು ಅವರ ಕೈ ಹಿಡಿದುಕೊಂಡೇ ಕೂತಿದ್ದೆ.