ಅಕ್ಕಿಯ ಮೇಲಿನ ಹೆಸರು

ಅರಿಶಿನ ಸೋಕಿದ ಹೊಸ ಅಕ್ಕಿಯ ವಾಸನೆ ಎಲ್ಲರಿಗೂ ಮಂಗಳದ ವಾಸನೆ. ನನಗೆ ಮಾತ್ರ ಮೈ ಉರಿಯುತ್ತದೆ. ಮೊನ್ನೆ ಗದಗಿನಲ್ಲಿ ಅಣ್ಣನ ಮೊಮ್ಮಗಳ ಮದುವೆಯಲ್ಲಿ ಬೆಳ್ಳಿ ತಾಟಿನ ತುಂಬ ಅಕ್ಕಿ ಹರವಿ, ಹೆಂಡತಿಗಿಡುವ ಹೊಸ ಹೆಸರನ್ನು ಉಂಗುರದಿಂದ ಅದರ ಮೇಲೆ ಬರೆಯಲು ಮದುಮಗನನ್ನು ಕರೆದರು. ‘ಜಸ್ಟ್ ಫಾರ್ ದ ಫೋಟೋ, ಅಜ್ಜಿ’ ಎಂದು ಹುಡುಗ ನಕ್ಕ. ನಾನು ಊಟಕ್ಕೂ ನಿಲ್ಲದೆ ಎದ್ದು ಬಂದೆ. ಈ ವಯಸ್ಸಿನಲ್ಲೂ ಎಂಥ ಸಿಟ್ಟು ಎಂದರು. ಹೌದು, ಈ ವಯಸ್ಸಿನಲ್ಲೇ.

ಕುಮುದಿನಿ ಹೊಂಬಳ ಮುಳಗುಂದದ ಹುಡುಗಿ. ಅವಳಪ್ಪನೂ ನನ್ನಪ್ಪನೂ ಹಳೆಯ ಸ್ನೇಹಿತರಾದ್ದರಿಂದ ಹೈಸ್ಕೂಲಿಗೆಂದು ನಮ್ಮ ಮನೆಗೇ ಬಂದು ಇದ್ದಳು. ಬೆಟಗೇರಿಯ ಆ ಮನೆ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ಅಂಗಡಿಗಳ ಕಾಂಪ್ಲೆಕ್ಸ್ ನಿಂತಿದೆ. ಆದರೆ ಪಡಸಾಲೆಯ ತಣ್ಣನೆಯ ಕಲ್ಲು, ಪಕ್ಕದ ಮನೆಯ ಮಗ್ಗದ ಸದ್ದು, ನಮ್ಮಿಬ್ಬರನ್ನೂ ಒಬ್ಬರ ಹಿಂದೊಬ್ಬರು ಕೂಡಿಸಿ ಅವ್ವ ತಿಕ್ಕುತ್ತಿದ್ದ ಕೊಬ್ಬರಿ ಎಣ್ಣೆಯ ಘಮ, ಇವನ್ನು ಯಾವ ಬುಲ್ಡೋಜರ್ ಕೆಡವೀತು? ಕುಮ್ಮಿ ಕಂಬಕ್ಕೆ ಎದುರಾಗಿ ನಿಂತು ಎಲೊಕ್ಯೂಷನ್ನಿಗೆಂದು ಇಂಗ್ಲಿಷ್ ಭಾಷಣ ಪ್ರ್ಯಾಕ್ಟೀಸ್ ಮಾಡುತ್ತಿದ್ದಳು. ವಕೀಲಳಾಗುತ್ತೇನೆ ಎನ್ನುತ್ತಿದ್ದಳು. ಅವ್ವನಿಗೆ ಒಂದಕ್ಷರ ತಿಳಿಯದಿದ್ದರೂ ಕೆಲಸ ಬಿಟ್ಟು ಕೇಳುತ್ತಿದ್ದಳು. ‘ನಮ್ಮ ಸರೂ ಇಂಗ್ಲಿಷ್ ಮಾತಾಡಿದ್ರ ಬಿಸಿ ಬದನಿಕಾಯಿ ಬಾಯಾಗ ಇಟ್ಕೊಂಡಂಗ. ಕುಮ್ಮೀದು ಕೇಳು, ಗಾಣದಾಗಿಂದ ಎಣ್ಣಿ ಇಳದಂಗ’ ಎಂದು ನನ್ನನ್ನೇ ಚುಚ್ಚುತ್ತಿದ್ದಳು.

ಕಾನ್ವೆಂಟಿನಲ್ಲಿ ದಿನವೂ ಹಾಜರಿ. ಸಿಸ್ಟರ್ ಅಡ್ಡಹೆಸರು ಸಮೇತ ಪೂರ್ತಿ ಹೆಸರು ಕರೆಯುತ್ತಿದ್ದರು. ಎದ್ದು ನಿಂತು, ಸ್ಕರ್ಟಿನ ನೆರಿಗೆ ಸರಿಮಾಡಿಕೊಂಡು, ‘ಪ್ರೆಸೆಂಟ್, ಸಿಸ್ಟರ್’ ಎನ್ನಬೇಕು. ಅವರು ‘ಸಿಟ್ ಡೌನ್’ ಅನ್ನುವವರೆಗೆ ಕೂಡುವಂತಿಲ್ಲ. ನಾವೆಲ್ಲ ಗೊಣಗುತ್ತ ನಿಲ್ಲುತ್ತಿದ್ದೆವು. ಕುಮ್ಮಿ ಮಾತ್ರ ಇಡೀ ಗದಗಿಗೆ ಕೇಳುವಂತೆ ‘ಪ್ರೆಸೆಂಟ್’ ಎನ್ನುತ್ತಿದ್ದಳು.

ಎಸ್ಸೆಸ್ಸೆಲ್ಸಿಯಲ್ಲಿ ಸ್ಕೂಲಿಗೇ ಫಸ್ಟ್ ಬಂದಳು. ಅದೇ ಬೇಸಿಗೆಯಲ್ಲಿ ಮದುವೆ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳು, ಅನುಕೂಲಸ್ಥರು, ಹುಡುಗ ಒಬ್ಬನೇ ಮಗ. ಓದಿಸುತ್ತೇವೆಂದು ಮಾತು ಕೊಟ್ಟಿದ್ದರು. ಅಕ್ಕಿಕಾಳು ಬೀಳುವುದರೊಳಗೆ ಮರೆತರು. ಹೊಸ ಹೆಸರು ಯಾವುದೆಂದು ಭಟ್ಟರು ಕೇಳಿದಾಗ ಅತ್ತೆ ಹಿಂದುಮುಂದು ನೋಡದೆ ಭಾಗ್ಯಲಕ್ಷ್ಮಿ ಎಂದರು. ಅದು ಅವರ ಅಂಗಡಿಯ ಬೋರ್ಡಿನ ಮೇಲಿದ್ದ ಹೆಸರು! ನನ್ನ ಗೆಳತಿಯನ್ನು ಗೋಣಿಚೀಲದ ಹಾಗೆ ಮಾರ್ಕ್ ಹೊಡೆದು ಒಳಗಿಟ್ಟುಕೊಂಡರು. ಮದುಮಗ ಉಂಗುರ ಹಿಡಿದು ಬರೆದ. ತಲೆ ತಗ್ಗಿಸಿ ಕೂತ ಕುಮ್ಮಿ ಬಾಸಿಂಗದ ಅಡಿಯಿಂದಲೇ ನನಗೆ ಪಿಸುಗುಟ್ಟಿದಳು: ‘ಸರೂ, ಒತ್ತಕ್ಷರ ಬಿಟ್ಟಾನಲೇ. ಇದೂ ನನ್ನ ಹೆಸರಲ್ಲ.’ ಇಬ್ಬರೂ ಕಿಸಕ್ಕನೆ ನಕ್ಕೆವು. ಅತ್ತೆ ಅಂಗೈಯಿಂದ ಅಕ್ಕಿ ಸರಿಸಿದರು. ಮರುದಿನ ಆ ಅಕ್ಕಿಯಲ್ಲೇ ಪಾಯಸ ಮಾಡಿ ಎಲ್ಲರೂ ಉಂಡರು.

ನನ್ನ ಮದುವೆಯಲ್ಲೂ ತಾಟು ಬಂತು, ಹೆಸರು ಬರೆದರು. ಆದರೆ ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಟೀಚರ್ ಆಗಿದ್ದೆ. ಸರ್ಟಿಫಿಕೇಟ್ ಒಂದು, ಹೆಸರು ಇನ್ನೊಂದು ಆದರೆ ಪಗಾರ ಬರುವುದಿಲ್ಲವೆಂದು ತಿಳಿದ ಕೂಡಲೇ ನನ್ನ ಗಂಡನ ಮನೆಯವರ ಸಂಪ್ರದಾಯ ಬಾಲ ಮುದುರಿತು. ನೌಕರಿಯೇ ಉಳಿಸಿಕೊಟ್ಟ ಹೆಸರು ನನ್ನದು. ಕುಮ್ಮಿಗೆ ಆ ನೆಪವೂ ಇರಲಿಲ್ಲ. ಒಮ್ಮೆ ಲಕ್ಷ್ಮೇಶ್ವರಕ್ಕೆ ಹೋಗಿ ಬಾಗಿಲಲ್ಲೇ ‘ಕುಮ್ಮೀ’ ಎಂದದ್ದಕ್ಕೆ ಅವಳತ್ತೆ, ಆ ಹೆಸರು ಹೊಸ್ತಿಲ ಹೊರಗೇ ಬಿಟ್ಟು ಬರ್ರಿ ಎಂದಿದ್ದರು.

ಹೋದ ಶ್ರಾವಣದಲ್ಲಿ ಕುಮ್ಮಿಯ ಸೊಸೆ ಫೋನ್ ಮಾಡಿದಳು. ಅತ್ತೆಯವರಿಗೆ ಮರೆವು ಹೆಚ್ಚಾಗಿದೆ, ಕಿವಿಯಂತೂ ಪೂರಾ ಹೋಗಿದೆ, ಒಮ್ಮೆ ಬಂದು ನೋಡಿ ಎಂದಳು. ಹೋದೆ. ಕುಮ್ಮಿ ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ಹುಬ್ಬಳ್ಳಿಯಿಂದ ತಂದ ಕಿವಿಯ ಮಷಿನ್ ಕಿವಿಯಲ್ಲಿತ್ತು. ‘ಭಾಗ್ಯಾ, ಏ ಭಾಗ್ಯಾ’ ಎಂದು ಗಂಡ ಕುರ್ಚಿಯಿಂದಲೇ ಕೂಗಿದರು. ಅವಳು ತಲೆ ಎತ್ತಲಿಲ್ಲ. ‘ನೋಡ್ರಿ, ಕಲ್ಲಿಗೆ ಹೇಳಿದಂಗ’ ಎಂದರು.

ಅಷ್ಟರಲ್ಲಿ ಅಡುಗೆಮನೆಯ ಕುಕ್ಕರ್ ಸೀಟಿ ಹೊಡೆಯಿತು. ಅವಳು ಥಟ್ಟನೆ ಅತ್ತ ನೋಡಿದಳು.

ಕಿವುಡಿ ಅಲ್ಲ ಇವಳು. ನಾನು ಎದ್ದು, ಸಿಸ್ಟರ್ ಹಾಗೆಯೇ ಬೆನ್ನು ನೆಟ್ಟಗೆ ಮಾಡಿ, ಮೆಲ್ಲಗೆ ಕರೆದೆ: ‘ಕುಮುದಿನಿ ಹೊಂಬಳ.’

ಮೊರ ಕೆಳಗಿಟ್ಟಳು. ಗೋಡೆ ಹಿಡಿದು ಎದ್ದಳು. ಸೀರೆಯ ನೆರಿಗೆ ಸರಿಮಾಡಿಕೊಂಡಳು. ‘ಪ್ರೆಸೆಂಟ್, ಸಿಸ್ಟರ್.’

ಸೊಸೆ ನನ್ನ ಮುಖ ನೋಡಿದಳು. ‘ಯಾರ್ರೀ ಅದು, ಕುಮುದಿನಿ ಅಂದ್ರ?’ ಆ ಮನೆಗೆ ಬಂದು ಮಕ್ಕಳನ್ನು ಹೆತ್ತು ದೊಡ್ಡವರನ್ನಾಗಿ ಮಾಡಿದ ಹುಡುಗಿ ಅವಳಿಗೆ ಗೊತ್ತೇ ಇರಲಿಲ್ಲ. ಗಂಡನಿಗೆ ಗೊತ್ತಿತ್ತು. ಅವರು ಗೋಡೆಯ ಕಡೆ ತಿರುಗಿ, ‘ಆ ಹೆಸರಿನವರು ಈ ಮನಿಯಾಗ ಯಾರೂ ಇಲ್ಲ’ ಎಂದರು.

ಕುಮ್ಮಿ ಇನ್ನೂ ನಿಂತೇ ಇದ್ದಳು, ಕೈ ಪಕ್ಕಕ್ಕಿಟ್ಟು, ಗದ್ದ ಎತ್ತಿ, ನನ್ನನ್ನೇ ನೋಡುತ್ತ. ‘ಸಿಟ್ ಡೌನ್’ ಎನ್ನುವುದು ನನ್ನ ನಾಲಗೆ ತುದಿಯವರೆಗೆ ಬಂತು. ಆದರೆ ತಕ್ಷಣ ಹೇಳಲಿಲ್ಲ. ಇನ್ನೊಂದು ಗಳಿಗೆ ನಿಂತಿರಲಿ ಅನ್ನಿಸಿತು, ಆ ಮನೆಯ ನಟ್ಟನಡುವೆ, ಅವರೆಲ್ಲರ ಕಣ್ಣೆದುರು.